ನನ್ನ ಚಿಂತೆಯೇ ಗರ್ಭ ನಿಲ್ಲದಿರಲು ಕಾರಣವೇ?

ಪ್ರಶ್ನೆ: ಮದುವೆಯಾಗಿ ಹಲವು ವರ್ಷಗಳಾದರೂ ನಮಗೆ ಮಕ್ಕಳಾಗಿಲ್ಲ. ಈಚೆಗೆ ಮಾಡಿಸಿದ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ) ಚಿಕಿತ್ಸೆಯೂ ಫಲಿಸಲಿಲ್ಲ. ‘ಚಿಂತೆ ಬಿಡು, ತಾನಾಗಿಯೇ ಆಗುತ್ತದೆ’ ಎಂದು ಕಂಡವರೆಲ್ಲ ಹೇಳುವುದನ್ನು ಕೇಳಿ ಕೇಳಿ, ತಪ್ಪು ನನ್ನದೇ ಇರಬೇಕು ಎನ್ನಿಸತೊಡಗಿದೆ. ನಾನು ಈ ಮಾತೆತ್ತಿದರೆ ಪತಿ ಎದ್ದು ಹೋಗುತ್ತಾರೆ. ವೈದ್ಯರು ಆಪ್ತಸಮಾಲೋಚಕರನ್ನು ಕಾಣಲು ಹೇಳಿದ್ದಾರೆ. ಅದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆಯೇ?

ಉತ್ತರ: ತಪ್ಪು ನಿಮ್ಮದಲ್ಲ. ಚಿಕಿತ್ಸೆ ಪಡೆಯುತ್ತಿದ್ದ 3,583 ಮಹಿಳೆಯರ ಮಾಹಿತಿಯುಳ್ಳ 14 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುಂಚೆ ಇದ್ದ ಆತಂಕ, ಖಿನ್ನತೆಗಳಿಂದ ಆ ಸುತ್ತಿನ ಚಿಕಿತ್ಸೆಯಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗುವುದಿಲ್ಲ ಎಂಬುದೇ ಅದರ ನಿರ್ಣಯ. ಹಿತೈಷಿಗಳ ಆ ಸಲಹೆಯಿಂದ ಯಾರ ಚಿಂತೆಯಾದರೂ ಕಡಿಮೆಯಾದದ್ದುಂಟೇ ಎಂಬುದು ಬೇರೆ ಮಾತು.

ಆಪ್ತಸಮಾಲೋಚನೆ ಗರ್ಭ ನಿಲ್ಲಿಸುವ ಉಪಾಯವಲ್ಲ, ಹಾಗೆಂದು ಭರವಸೆ ಕೊಡುವವರಿದ್ದರೆ ನಂಬಬೇಡಿ. ಅದರ ಕೆಲಸ, ಚಿಕಿತ್ಸೆಯ ಅವಧಿಯಲ್ಲಿ ನೀವಿಬ್ಬರೂ ಕುಗ್ಗದಂತೆ, ಒಬ್ಬರಿಂದೊಬ್ಬರು ದೂರವಾಗದಂತೆ ನೋಡಿಕೊಳ್ಳುವುದು. ಭ್ರೂಣ ವರ್ಗಾವಣೆಯಾದ ಮೇಲೆ ರಕ್ತಪರೀಕ್ಷೆಯವರೆಗಿನ ಸುಮಾರು ಎರಡು ವಾರಗಳನ್ನೇ ನೋಡಿ. ಸ್ತನಗಳಲ್ಲಿ ನೋವು, ಹೊಟ್ಟೆಯುಬ್ಬರ, ಸುಸ್ತು ಕಂಡಾಗಲೆಲ್ಲ ಗರ್ಭ ನಿಂತಿತೇ, ಮುಟ್ಟು ಬರುವುದೇ ಎಂದು ಮನಸ್ಸು ತೂಗಾಡುತ್ತದೆ. ಆದರೆ ಗರ್ಭ ನಿಲ್ಲಲು ನೆರವಾಗಲೆಂದು ಆಗ ಕೊಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಔಷಧದಿಂದಲೂ ಇವೇ ಲಕ್ಷಣಗಳು ಬರುವುದರಿಂದ, ಅವುಗಳನ್ನು ನೋಡಿ ಫಲಿತಾಂಶ ಊಹಿಸಲಾಗದು. ಇದನ್ನು ಮೊದಲೇ ತಿಳಿಸಿ, ಆ ದಿನಗಳಲ್ಲಿ ಮನಸ್ಸನ್ನು ಹೇಗೆ ನಿಭಾಯಿಸಬೇಕೆಂದು ಸಮಾಲೋಚಕರು ನಿಮ್ಮೊಡನೆ ಕೂತು ಯೋಜಿಸುತ್ತಾರೆ.

ನಿಮ್ಮ ಪತಿಯ ಮೌನವನ್ನು ಅನಾದರವೆಂದು ತಿಳಿಯಬೇಡಿ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಅದರ ನಾಚಿಕೆಯನ್ನಾಗಲಿ, ನಿಮ್ಮ ದುಃಖಕ್ಕೆ ತನ್ನಲ್ಲಿ ಪರಿಹಾರವಿಲ್ಲವೆಂಬ ಅಸಹಾಯಕತೆಯನ್ನಾಗಲಿ ಮಾತಿನಲ್ಲಿ ಹೇಳಲಾಗದೆ ಎದ್ದು ಹೋಗುವ ಗಂಡಸರು ಬಹಳ. ಮೊದಲ ಭೇಟಿಗೇ ಇಬ್ಬರೂ ಒಟ್ಟಿಗೆ ಹೋಗಿ. ಮನೆಯಲ್ಲಿ ಈ ವಿಷಯಕ್ಕೆ ದಿನಕ್ಕೆ 20 ನಿಮಿಷ ಮಾತ್ರ ಮೀಸಲಿಟ್ಟು, ಉಳಿದ ಹೊತ್ತು ಬೇರೆ ಮಾತಾಡಿ. ಹೊತ್ತು ಗೊತ್ತಿದ್ದರೆ ಅವರಿಗೂ ಕೂತು ಕೇಳುವುದು ಸುಲಭವಾದೀತು. ಮುಂದಿನ ಸುತ್ತಿಗೆ ಮುನ್ನ, ಎಲ್ಲಿಯವರೆಗೆ ಪ್ರಯತ್ನಿಸುವುದು, ಎಷ್ಟು ಖರ್ಚು ಮಾಡುವುದು ಎಂಬುದನ್ನೂ ನಿರ್ಧರಿಸಿಕೊಳ್ಳಿ. ಸೋತ ದಿನ ಆ ತೀರ್ಮಾನ ತೆಗೆದುಕೊಳ್ಳುವುದು ಕಷ್ಟ.

ನಿದ್ರೆ, ಊಟ ಕೆಟ್ಟು ಎರಡು ವಾರ ಮೀರಿದರೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ತಡಮಾಡಬೇಡಿ. ಖಿನ್ನತೆಗೆ ಈಗಾಗಲೇ ಮಾತ್ರೆ ಸೇವಿಸುತ್ತಿದ್ದರೆ, ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ಪ್ರಶ್ನೆ: ಆಪ್ತ ಗೆಳತಿ ಗರ್ಭಿಣಿಯೆಂದು ಕೇಳಿ ಹೊಟ್ಟೆಕಿಚ್ಚಾಯಿತು. ನಾನು ಕೆಟ್ಟವಳೇ?

ಉತ್ತರ: ಅಲ್ಲ. ಅವಳ ಸುಖ ಕಂಡಾಗ ನಿಮ್ಮ ಕೊರತೆ ನೆನಪಾಗಿದೆ, ಅಷ್ಟೆ. ಇಂಥ ಸುದ್ದಿಯನ್ನು ನಾಲ್ಕು ಜನರ ಮುಂದೆ ಹೇಳದೆ ಮೊದಲು ಸಂದೇಶ ಕಳಿಸುವಂತೆ ಆಪ್ತರನ್ನು ಕೇಳಿಕೊಳ್ಳಿ. ಅತ್ತು ಮುಗಿಸಿ, ಮನಸ್ಸು ತಿಳಿಯಾದ ಮೇಲೆ ನೀವೇ ಫೋನ್ ಮಾಡಬಹುದು.