ಸಂಪಾದಕರ ಉತ್ತರ: ಮಧುಬನಿಗೆ ಒಂದು ಲೋಡ್ ಕೊಬ್ಬರಿ

ತುಮಕೂರಿನ ಸಪ್ತಗಿರಿ ಬಡಾವಣೆಯ ಓದುಗರೊಬ್ಬರು, ಹೆಸರು ಹಾಕಕೂಡದೆಂಬ ಷರತ್ತಿನೊಂದಿಗೆ, ಉದ್ದನೆಯ ಪತ್ರ ಬರೆದಿದ್ದಾರೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಬಿಹಾರದವರ ಊರುಗಳಿಗೂ ನಮ್ಮ ಜಿಲ್ಲೆಗೂ ನೇರ ವ್ಯಾಪಾರ ಬೆಳೆಯಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾನು ಬರೆದದ್ದು ಅವರಿಗೆ ಹಿಡಿಸಿಲ್ಲ. "ಕೂಲಿಗೆ ಬಂದವರು ಕೂಲಿ ತೆಗೆದುಕೊಂಡು ಹೋಗಲಿ. ವ್ಯಾಪಾರದ ನಂಟೂ ಬೆಳೆದರೆ ಇಲ್ಲೇ ಬೇರೂರುತ್ತಾರೆ. ನಮ್ಮ ಹುಡುಗರಿಗೆ ಕೆಲಸವಿಲ್ಲ, ಅಂಗಡಿಯಲ್ಲಿ ಕನ್ನಡವಿಲ್ಲ, ನಿಮಗೆ ಮಖಾನದ ಚಿಂತೆ!" ಎಂಬುದು ಪತ್ರದ ತಿರುಳು. (ಮಖಾನವೆಂದರೆ ಬಿಹಾರದ ಕೆರೆಗಳಲ್ಲಿ ಬೆಳೆಯುವ ನೀರುಗಿಡದ ಬೀಜ, ಹುರಿದು ತಿನ್ನುವಂಥದ್ದು.)

ಮಾನ್ಯರೇ, ಸ್ಥಳೀಯರಿಗೆ ಕೆಲಸ ಸಿಗಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿಯ ಧೂಳು ಒರೆಸಿ ಎಂದು ಈ ಪುಟದಲ್ಲೇ ಬರೆದು ಬರೆದು ಕೈ ಸೋತಿದೆ. ಬಂದವರು ಕನ್ನಡ ಕಲಿಯಬೇಕು, ಅದೂ ಸರಿ. ಆದರೆ ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ತಿಪಟೂರಿನ ಹತ್ತಿರ ನಿಮಗೊಂದು ತೆಂಗಿನ ತೋಟವಿದೆ ಎಂಬ ಮಾತು ಬರುತ್ತದೆ. ನಾನು ಅಲ್ಲೇ ನಿಂತುಬಿಟ್ಟೆ.

ನಿಮ್ಮ ತೋಟದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ಇಂಗಿ, ಗಿಟಕು ಚಿಪ್ಪು ಬಿಟ್ಟು ಅಲ್ಲಾಡತೊಡಗಿದ ಮೇಲೆ ಸುಲಿದು ಎಪಿಎಂಸಿಗೆ ಹೋಗುತ್ತದೆ. ಆಮೇಲೆ ಅದನ್ನು ತಿನ್ನುವವರು ಯಾರು? ನೀವೂ ಅಲ್ಲ, ನಾನೂ ಅಲ್ಲ. ನಮ್ಮ ಅಡುಗೆಮನೆಗಳಿಗೆ ಬೇಕಾಗುವುದು ಎಷ್ಟು ಮಹಾ! ಉಂಡೆ ಕೊಬ್ಬರಿಯ ಬಹುಪಾಲು ಉತ್ತರಕ್ಕೆ ಹೋಗುತ್ತದೆ. ಅಲ್ಲಿ ಅದು ಬಾದಾಮಿ, ದ್ರಾಕ್ಷಿಯ ಸಾಲಿನ ಒಣಹಣ್ಣು. ಮದುವೆಗೂ ದೀಪಾವಳಿಗೂ ಬೇಕೇ ಬೇಕು. ಹಾಗೆ ತಿನ್ನುವವರ ಮನೆಯ ಹುಡುಗರು ನಿಮ್ಮ ಬಡಾವಣೆಯ ಆಚೆ ಬದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾರೆ. ನಾವು ಅವರನ್ನು ಒಂದು ಮಾತೂ ಕೇಳಿಲ್ಲ.

ನಾನು ಕೇಳಿದೆ. ವಸಂತನರಸಾಪುರದ ಚಹಾದಂಗಡಿಯಲ್ಲಿ ಸಿಕ್ಕ ಬಿಹಾರದ ಮಧುಬನಿ ಜಿಲ್ಲೆಯ ಹುಡುಗನೊಬ್ಬ ತಂಗಿಯ ಮದುವೆಗೆಂದು ಕೊಬ್ಬರಿ ಕಟ್ಟಿಸಿಕೊಂಡು ಹೊರಟಿದ್ದ. ಅವನ ಸೋದರಮಾವನಿಗೆ ಊರಿನಲ್ಲಿ ದಿನಸಿ ಅಂಗಡಿ. ಆ ಮಾವ ಸರಕು ತರಿಸುವುದು ಪಟ್ನಾದಿಂದ, ಪಟ್ನಾದವನು ತರಿಸುವುದು ದೆಹಲಿಯಿಂದ. ಹೀಗಾಗಿ ಕೊಬ್ಬರಿ ದೆಹಲಿಯದೇ ಎಂದು ಆ ಮಾವ ನಂಬಿದ್ದಾನಂತೆ! ಹುಡುಗ ನಗುತ್ತ ಹೇಳಿದ, ನನಗೆ ನಗು ಬರಲಿಲ್ಲ. ನಡುವೆ ಎಷ್ಟು ಕೈಗಳು, ಎಷ್ಟು ಕಮಿಷನ್ ಎಂದು ಲೆಕ್ಕ ಹಾಕುತ್ತಿದ್ದೆ.

ದೂರದ ವ್ಯಾಪಾರ ನಮಗೆ ಹೊಸದೂ ಅಲ್ಲ. ಹಳೆಯ ಗೆಜೆಟಿಯರುಗಳನ್ನು ತೆರೆದರೆ ಗುಬ್ಬಿಯ ಹೆಸರು ಅಡಿಕೆಯ ಜೊತೆಗೇ ಬರುತ್ತದೆ: ಶಿವಮೊಗ್ಗ ಕಡೆಯ ನಗರ ಸೀಮೆಯ ಮಲೆನಾಡಿನಿಂದ ಬಂದ ಸರಕು ಗುಬ್ಬಿಯಲ್ಲಿ ಕೈಬದಲಾಗಿ ಈಗಿನ ತಮಿಳುನಾಡಿನ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ಹೆದ್ದಾರಿಯಿಲ್ಲದ ಕಾಲದಲ್ಲಿ, ಎತ್ತಿನ ಬೆನ್ನ ಮೇಲೆ. ಇನ್ನು ಮಂಡಿಪೇಟೆಯ ಸುತ್ತ ಅಂಗಡಿ ಇಟ್ಟಿರುವ ಮಾರವಾಡಿಗಳನ್ನು ನೋಡಿ. ಅವರ ಹಿರಿಯರು ಊರಿನ ನಂಟನ್ನೇ ಬಂಡವಾಳ ಮಾಡಿಕೊಂಡರು. ಅಲ್ಲಿ ಅಣ್ಣ, ಇಲ್ಲಿ ತಮ್ಮ, ನಡುವೆ ಒಂದು ಕಾಗದ; ಸರಕು ಬಂತು, ಹಣ ಹೋಯಿತು. ಅವರು ಬೇರೂರಿದ್ದರಿಂದ ತುಮಕೂರು ಬಡವಾಯಿತೇ?

ಬೇರೂರುವ ಭಯಕ್ಕೆ ಕೋಲಾರ ಜಿಲ್ಲೆಯಲ್ಲೇ ಉತ್ತರವಿದೆ. ಕೆಜಿಎಫ್‌ಗೆ ಆರ್ಕಾಟಿನ ಕಡೆಯಿಂದ ಜನ ಬಂದು ತಲೆಮಾರುಗಳೇ ಕಳೆದವು. ಊರು ಅವರಿಂದ ಬೆವರನ್ನಷ್ಟೇ ಬಯಸಿತು. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿದಾಗ ಅವರ ಮಕ್ಕಳಿಗೆ ಉಳಿದದ್ದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಕೂಲಿಯೊಂದನ್ನೇ ನೆಚ್ಚಿದ ನಂಟು ಕೂಲಿ ನಿಂತ ದಿನ ಇಬ್ಬರನ್ನೂ ಕೈಬಿಡುತ್ತದೆ.

ತೊಡಕುಗಳಿಲ್ಲ ಎನ್ನುತ್ತಿಲ್ಲ. ಬಿಹಾರ 2006ರಲ್ಲೇ ತನ್ನ ಕೃಷಿ ಮಾರುಕಟ್ಟೆ ಕಾಯ್ದೆಯನ್ನು ರದ್ದು ಮಾಡಿತು. ನಮ್ಮ ಎಪಿಎಂಸಿಯಂಥ ವ್ಯವಸ್ಥೆ ಅಲ್ಲಿಲ್ಲದ ಕಾರಣ, ಲೈಸೆನ್ಸ್ ನೋಡಿ ನಂಬಿ ಸರಕು ಕಳುಹಿಸುವಂತಿಲ್ಲ. ಹಣ ಮುಳುಗೀತು ಎಂಬ ನಮ್ಮ ವರ್ತಕರ ಅಂಜಿಕೆ ನ್ಯಾಯವಾದದ್ದೇ. ಇಂಥ ಕಡೆ ಬೇಕಾದದ್ದು ಗುರುತಿನ ಮನುಷ್ಯ, ಮತ್ತು ಆ ಗುರುತು ನಮ್ಮೂರಿನ ಚಹಾದಂಗಡಿಯಲ್ಲೇ ಕುಳಿತಿದೆ ಎಂಬುದು ನನ್ನ ವಾದ.

ಮಖಾನದ ಬಗ್ಗೆ ಹಾಸ್ಯ ಮಾಡಿದ್ದೀರಿ. ಲಾರಿಯ ಬಾಡಿಗೆ ಇಳಿಯುವುದು ಹಿಂದಿರುಗುವಾಗಲೂ ಲೋಡ್ ಸಿಕ್ಕಿದಾಗ. ಬಿಹಾರದ ಮಿಥಿಲೆಯ ಮಖಾನಕ್ಕೆ 2022ರಲ್ಲಿ, ಆ ಸೀಮೆಯದೇ ಸರಕು ಎಂದು ಗುರುತಿಸುವ ಭೌಗೋಳಿಕ ಸೂಚಕ ಸಿಕ್ಕಿದೆ, ಮುಜಫ್ಫರ್‌ಪುರದ ಶಾಹಿ ಲಿಚಿಗೆ 2018ರಲ್ಲೇ ಸಿಕ್ಕಿತ್ತು. ಪೂರ್ಣಿಯಾದ ಗುಲಾಬ್‌ಬಾಗ್ ಮಂಡಿ ಮೆಕ್ಕೆಜೋಳಕ್ಕೆ ಹೆಸರುವಾಸಿ; ನಮ್ಮ ಕೋಳಿ ಫಾರಂಗಳಿಗೆ ಮೇವು ಬೇಡವೇ? 2025ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಬಿಹಾರಕ್ಕೆ ಮಖಾನ ಮಂಡಳಿ ಘೋಷಿಸಿದಾಗ ನಮ್ಮಲ್ಲಿ ಹಲವರು ವ್ಯಂಗ್ಯಚಿತ್ರ ಹಂಚಿಕೊಂಡು ಸುಮ್ಮನಾದರು. ಅದರಲ್ಲಿ ನಮ್ಮ ಪಾಲೇನು ಎಂದು ಯೋಚಿಸಿದವರನ್ನು ನಾನಂತೂ ಕಾಣಲಿಲ್ಲ.

ನಮ್ಮ ರೋಗ ಇದೇ. ಆ 2025ರ ಫೆಬ್ರುವರಿಯಲ್ಲೇ ಬೆಂಗಳೂರಿನಲ್ಲಿ ಹೂಡಿಕೆದಾರರ ಸಮಾವೇಶ ವೈಭವದಿಂದ ನಡೆಯಿತು. ಜಪಾನಿನವರಿಗೆಂದು ವಸಂತನರಸಾಪುರದಲ್ಲಿ ಜಾಗವನ್ನೇ ತೆಗೆದಿಟ್ಟೆವು, ಒಳ್ಳೆಯದು. ಆದರೆ ಬಿಹಾರದ ದರ್ಭಂಗಾಕ್ಕೆ ಒಂದು ನಿಯೋಗ ಎಂದರೆ ಅಧಿಕಾರಿಗಳೂ ನಗುತ್ತಾರೆ, ವರ್ತಕರೂ ನಗುತ್ತಾರೆ. ವಿಮಾನ ಹತ್ತಿ ಹೋಗುವ ಊರು ಮಾತ್ರ ಮಾರುಕಟ್ಟೆ, ಸ್ಲೀಪರ್ ಬೋಗಿಯಲ್ಲಿ ಬಂದವರ ಊರಿಗೆ ಆ ಮಾನವಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ 9,000ಕ್ಕಿಂತ ಕೆಳಗೆ ಬಿತ್ತು. ರೈತರು ರಸ್ತೆಗಿಳಿದರು, ಬೆಂಬಲ ಬೆಲೆಗೆ ಕೊಳ್ಳುವ ಸಂಸ್ಥೆಯಾದ ನಾಫೆಡ್ ಬರಲಿ ಎಂದು ಕೂಗಿದರು, ನಾನೂ ಅವರ ಪರವಾಗಿ ಬರೆದೆ. ಆಗಲೂ ಕೊಳ್ಳುವವನನ್ನು ನಾವೇ ಹುಡುಕಿಕೊಂಡು ಹೋಗೋಣ ಎಂದು ಯಾವ ವೇದಿಕೆಯ ಮೇಲೂ ಯಾರೂ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಸಂಘ ಸಂಸ್ಥೆಗಳಿಗೆ ಶಾಲು, ಹಾರ, ಸನ್ಮಾನಗಳಿಂದ ಬಿಡುವಾದರೂ ಎಲ್ಲಿ? ಹಾರಕ್ಕೆ ಕೊಟ್ಟ ದುಡ್ಡಿನಲ್ಲಿ ಇಬ್ಬರು ಯುವ ವರ್ತಕರನ್ನು ಪಟ್ನಾದ ರೈಲು ಹತ್ತಿಸಬಹುದಿತ್ತು.

ನಿಮ್ಮ ಕೋಪ ನನಗೆ ಇಷ್ಟವಾಯಿತು, ಕನ್ನಡವಂತೂ ಇನ್ನೂ ಇಷ್ಟವಾಯಿತು. ಪತ್ರದ ಕೊನೆಯಲ್ಲಿ ಚಂದಾ ನಿಲ್ಲಿಸುವುದಾಗಿ ಬರೆದಿದ್ದೀರಿ. ನಿಮ್ಮ ಚಂದಾ ಇನ್ನೂ ಮಾರ್ಚಿಯವರೆಗೆ ಇದೆ. ಅಲ್ಲಿಯವರೆಗೆ ಸಂಚಿಕೆ ತಪ್ಪದೆ ಬರುತ್ತದೆ; ಮುಂದಿನದರಲ್ಲಿ ಹುಣಿಸೆಹಣ್ಣಿನ ಬಗ್ಗೆ ಬರೆಯುತ್ತಿದ್ದೇನೆ, ಅದಕ್ಕೂ ಬೈದು ಬರೆಯಿರಿ.