ಲೆಕ್ಕದಲ್ಲಿ 71: ಪಿಯುಸಿಗೆ ಯಾವ ಕಾಂಬಿನೇಷನ್?

ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೇನು ಓದಲಿ ಎಂದು ನಮ್ಮಲ್ಲಿ ಸಲಹೆ ಕೇಳಲು ಬಂದ ಹುಡುಗಿಯೊಬ್ಬಳ ವಿಷಯ ಇದು. ಗುರುತು ಸಿಗದಂತೆ ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದೆ. ಅಂಕ ಮತ್ತು ತಪ್ಪುಗಳ ಸ್ವರೂಪ ಮಾತ್ರ ಇದ್ದಂತೆಯೇ ಇದೆ, ಯಾಕೆಂದರೆ ಸಲಹೆ ನಿಂತಿರುವುದೇ ಅವುಗಳ ಮೇಲೆ.

ಕಾವ್ಯ, 16 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 560: ಕನ್ನಡ 121, ಇಂಗ್ಲಿಷ್ 88, ಹಿಂದಿ 96, ಗಣಿತ 71, ವಿಜ್ಞಾನ 89, ಸಮಾಜ 95. ತಂದೆಗೆ ಕಬ್ಬು, ಭತ್ತ, ಮನೆಯಲ್ಲಿ ಎರಡು ಹಸು. ಬಂದವರು ಮೂವರು: ಹುಡುಗಿ, ತಂದೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ. ಮೂವರದೂ ಮೂರು ಮಾತು. (ಪಿಸಿಎಂಬಿ ಎಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್.)

ತಂದೆ: "ಪಿಸಿಎಂಬಿ ತಗೊಂಡ್ರೆ ಯಾವ ಕಡೆಗಾದ್ರೂ ಹೋಗ್ಬೋದು ಅಂತ ಎಲ್ಲಾರೂ ಅಂತವ್ರೆ ಮೇಡಂ. ಮೈಸೂರಲ್ಲಿ ಹಾಸ್ಟೆಲ್ ಇರೋ ಕಾಲೇಜು ನೋಡಿವ್ನಿ. ಸೀಟು ಹೋಗೋಕ್ ಮುಂಚೆ ದುಡ್ಡು ಕಟ್ಬುಡಾನ ಅಂತ."

ಮಾವ: "ಈಗೆಲ್ಲ ಕಂಪ್ಯೂಟರೇ. ಪಿಸಿಎಂಸಿ ಕೊಡ್ಸಿ ಭಾವ. ಆ ಬಯಾಲಜಿ ಇಟ್ಕೊಂಡು ಏನ್ ಮಾಡ್ತಾಳೆ?"

ಕಾವ್ಯ ನೆಲ ನೋಡಿಕೊಂಡು: "ನಂಗೆ ಲೆಕ್ಕ ತಲೆಗೆ ಹತ್ತಲ್ಲ. ಕಾಮರ್ಸ್ ತಗೊಂಡ್ಬಿಡ್ತೀನಿ."

ಮೊದಲು ಮಾವನ ಮಾತನ್ನೇ ತೆಗೆದುಕೊಂಡೆವು, ಅದು ಬೇಗ ಬಗೆಹರಿಯುವಂಥದ್ದು. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕೆಂಬ ನಿಯಮವಿಲ್ಲ. ಬೇಕಾದದ್ದು ಭೌತಶಾಸ್ತ್ರ ಮತ್ತು ಗಣಿತ, ಜೊತೆಗೆ ಇನ್ನೊಂದು ವಿಜ್ಞಾನ ವಿಷಯ. ಪಿಸಿಎಂಬಿ ಓದಿದವರೂ ಅದೇ ಶಾಖೆಗೆ ಹೋಗುತ್ತಾರೆ. ಆದರೆ ಪಿಸಿಎಂಸಿ ತೆಗೆದುಕೊಂಡ ದಿನವೇ ವೈದ್ಯಕೀಯ, ಪಶುವೈದ್ಯಕೀಯ, ಬಿಎಸ್ಸಿ ಕೃಷಿ, ತೋಟಗಾರಿಕೆ, ನರ್ಸಿಂಗ್ ಎಲ್ಲದಕ್ಕೂ ಬೀಗ ಬೀಳುತ್ತದೆ. ಜೀವಶಾಸ್ತ್ರವನ್ನು ಪಿಯುಸಿ ಆದಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಲು 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅವಕಾಶ ಕೊಟ್ಟಿರುವುದು ನಿಜ. ಅದು ದಾರಿ ತಪ್ಪಿದವರಿಗೆ ಇರುವ ದಾರಿ. ಹದಿನಾರನೇ ವಯಸ್ಸಿನಲ್ಲೇ ಅದನ್ನು ನೆಚ್ಚಿಕೊಂಡು ಹೊರಡಬಾರದು.

ಈಗ ತಂದೆಯ ಮಾತು. "ಯಾವ ಕಡೆಗಾದರೂ ಹೋಗಬಹುದು" ಎಂಬುದು ಅರ್ಧ ಸತ್ಯ. ಯಾವ ಕೋರ್ಸಿಗೇ ಆಗಲಿ, ಕೇಳಬೇಕಾದ ಪ್ರಶ್ನೆ ಎರಡು: ಯಾವ ವಿಷಯ ಓದಿರಬೇಕು? ಯಾವ ವಿಷಯದ ಅಂಕದಿಂದ ರ‍್ಯಾಂಕ್ ಕಟ್ಟುತ್ತಾರೆ? ಜನ ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ಬಾಗಿಲು ತೆರೆದಿದ್ದರೂ ಸೀಟು ಸಿಗದೆ ಹೋಗುವುದು ಎರಡನೆಯದರಿಂದ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕದಿಂದ ಅರ್ಧ, ಸಿಇಟಿಯ ಅದೇ ಮೂರು ವಿಷಯದಿಂದ ಅರ್ಧ. ಬಿಎಸ್ಸಿ ಕೃಷಿಗೆ ಗಣಿತದ ಜಾಗದಲ್ಲಿ ಜೀವಶಾಸ್ತ್ರ. ತಂದೆಗೆ ಇದನ್ನು ಹಾಳೆಯ ಮೇಲೆ ಬರೆದೇ ತೋರಿಸಬೇಕಾಯಿತು. ಕಾವ್ಯ ಪಿಸಿಎಂಬಿ ಓದಿ ಪಿಯುಸಿಯಲ್ಲಿ ಭೌತಶಾಸ್ತ್ರ 82, ರಸಾಯನ 85, ಜೀವಶಾಸ್ತ್ರ 88, ಗಣಿತ 55 ತೆಗೆದಳೆನ್ನಿ. ಸಿಇಟಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ತಲಾ 30, ಗಣಿತ 15 ಎನ್ನಿ. ಕೃಷಿಗೆ: ಪಿಯುಸಿ 300ಕ್ಕೆ 255, ಅಂದರೆ ಶೇ. 85, ಅದರ ಅರ್ಧ 42.5. ಸಿಇಟಿ 180ಕ್ಕೆ 90, ಶೇ. 50, ಅರ್ಧ 25. ಒಟ್ಟು 67.5. ಎಂಜಿನಿಯರಿಂಗಿಗೆ: ಪಿಯುಸಿ 222, ಶೇ. 74, ಅರ್ಧ 37. ಸಿಇಟಿ 75, ಶೇ. 41.67, ಅರ್ಧ 20.83. ಒಟ್ಟು 57.83. ಒಂದೇ ಮಗು, ಒಂದೇ ಓದು, ನಡುವೆ ಹತ್ತಿರ ಹತ್ತು ಅಂಕದ ಅಂತರ. ಆ 15 ಕೂಡ ಓದಿ ಬಂದ ಅಂಕವಲ್ಲ: ನಾಲ್ಕು ಆಯ್ಕೆಯ 60 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಅಷ್ಟು ಬೀಳುತ್ತದೆ.

ನೀಟ್ ಬೇರೆಯೇ. ಅಲ್ಲಿ ರ‍್ಯಾಂಕ್ ನೀಟ್ ಅಂಕದಿಂದ ಮಾತ್ರ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿಯವರಿಗೆ ಶೇ. 40 ಇದ್ದರಾಯಿತು, ಇಂಗ್ಲಿಷ್ ಪಾಸಾಗಿರಬೇಕು. ಬಿಫಾರ್ಮಾಗೆ ಭೌತ, ರಸಾಯನದ ಜೊತೆ ಗಣಿತವಾದರೂ ಸರಿ, ಜೀವಶಾಸ್ತ್ರವಾದರೂ ಸರಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪದವಿಯನ್ನು ಈ ಭಾಗದ ಮಕ್ಕಳು ಗಮನಿಸುವುದೇ ಕಡಿಮೆ. ಅಲ್ಲಿಗೂ ಭೌತ, ರಸಾಯನ ಇದ್ದು ಮೂರನೆಯದು ಜೀವಶಾಸ್ತ್ರವೋ ಗಣಿತವೋ ಇರಬಹುದು. ವಿಜ್ಞಾನದಿಂದ ಬಿಎ, ಕಾನೂನು, ಸಿಎ ಫೌಂಡೇಷನ್ (ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಪರೀಕ್ಷೆ) ಕಡೆಗೆ ಹೊರಳಬಹುದು. ವಾಣಿಜ್ಯದಿಂದ ಎಂಜಿನಿಯರಿಂಗಿಗೋ ಕೃಷಿಗೋ ಹೊರಳಲಾಗದು.

ಇಷ್ಟಾದ ಮೇಲೆ ಕಾವ್ಯಳ ಮಾತು ಉಳಿಯಿತು. ನಮ್ಮ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. "ಲೆಕ್ಕ ತಲೆಗೆ ಹತ್ತಲ್ಲ" ಎಂದು ಮಗು ಹೇಳಿದರೆ ಅದನ್ನು ತಳ್ಳಿಹಾಕಲೂಬಾರದು, ಹಾಗೆಯೇ ನಂಬಲೂಬಾರದು. 71 ಬರಿಯ ಮೊತ್ತ. ಕಳೆದುಹೋದ 29 ಎಲ್ಲಿ ಹೋಯಿತು ಎಂಬುದು ಉತ್ತರಪತ್ರಿಕೆಯಲ್ಲಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ತರಿಸಿ ಸಾಲು ಸಾಲಾಗಿ ನೋಡಿದೆವು.

ವರ್ಗಸಮೀಕರಣದ ಒಂದು ಲೆಕ್ಕ: 2x² − 5x + 3 = 0. ಸೂತ್ರ ಸರಿಯಾಗಿ ಬರೆದಿದ್ದಾಳೆ. b² − 4ac ಸರಿಯಾಗಿ 25 − 24 = 1 ಎಂದು ಬಿಡಿಸಿದ್ದಾಳೆ. ಆಮೇಲೆ −b ಇರುವಲ್ಲಿ −5 ಹಾಕಿದ್ದಾಳೆ. b ಎಂಬುದೇ −5, ಆದ್ದರಿಂದ −b ಎಂದರೆ +5. ಮೂಲಗಳು 1 ಮತ್ತು 3/2 ಬರಬೇಕಾದ ಕಡೆ −1 ಮತ್ತು −3/2 ಬಂದು ನಿಂತಿವೆ. ಇದೇ ಜಾತಿಯ ತಪ್ಪು ಸಮಾಂತರ ಶ್ರೇಢಿಯಲ್ಲಿ ಎರಡು ಕಡೆ, ನಿರ್ದೇಶಾಂಕ ರೇಖಾಗಣಿತದಲ್ಲಿ ಒಂದು ಕಡೆ. ಪ್ರಮೇಯದ ಸಾಧನೆ ಪೂರ್ಣ, ಚಿತ್ರವೂ ಅಚ್ಚುಕಟ್ಟು. ತ್ರಿಕೋನಮಿತಿಯ ಒಂದು ಸಾಧನೆ ಮಾತ್ರ ಪೂರ್ತಿ ಬಿಟ್ಟಿದ್ದಳು.

ಅಂದರೆ ಇದು ಗಣಿತ ಅರ್ಥವಾಗದ ಮಗುವಲ್ಲ. ಋಣ ಚಿಹ್ನೆಯ ಅಭ್ಯಾಸ ಏಳು ಎಂಟನೇ ತರಗತಿಯಲ್ಲಿ ಗಟ್ಟಿಯಾಗದೆ ಉಳಿದ ಮಗು. ಇದು ತಿದ್ದಬಹುದಾದ ತಪ್ಪು. ತಿದ್ದದಿದ್ದರೆ ಭೌತಶಾಸ್ತ್ರದಲ್ಲೂ ಕಾಡುತ್ತದೆ, ವಾಣಿಜ್ಯಕ್ಕೆ ಹೋದರೂ ಬಿಡುವುದಿಲ್ಲ: ಸಿಎ ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಲೆಕ್ಕಕ್ಕೆ ಹೆದರಿ ಕಾಮರ್ಸಿಗೆ ಹೋಗುವುದು ಯೋಚಿಸಿ ಮಾಡಿದ ಆಯ್ಕೆಯಾಗುವುದಿಲ್ಲ. ಇದೇ 71 ತೆಗೆದ ಇನ್ನೊಂದು ಮಗು ಪ್ರಮೇಯವನ್ನು ಬಾಯಿಪಾಠ ಬರೆದು, ಅಳತೆ ಬದಲಾದೊಡನೆ ನಿಂತುಬಿಟ್ಟಿದ್ದರೆ ನಮ್ಮ ಸಲಹೆ ಬೇರೆಯಾಗುತ್ತಿತ್ತು.

ಇಷ್ಟ ಯಾವುದು ಎಂದು ನೇರವಾಗಿ ಕೇಳಿದರೆ ಈ ವಯಸ್ಸಿನ ಮಕ್ಕಳು ಉತ್ತರ ಕೊಡುವುದಿಲ್ಲ. ಗದ್ದೆಯ ಬಗ್ಗೆ ಕೇಳಿದೆವು. ಭತ್ತಕ್ಕೆ ಬೆಂಕಿ ರೋಗ ಬಂದಾಗ ಎಲೆಯ ಮೇಲಿನ ಚುಕ್ಕೆ ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣ, ಅಂಚು ಕಂದಾಗಿರುತ್ತದೆ, ಕಂದು ಚುಕ್ಕೆ ರೋಗದ್ದಾದರೆ ಎಳ್ಳಿನ ಹಾಗೆ ಇರುತ್ತದೆ ಎಂದು ಬೆರಳಲ್ಲಿ ಮೇಜಿನ ಮೇಲೆ ಬರೆದು ತೋರಿಸಿದಳು. ತಂದೆ ಮಗಳ ಮುಖ ನೋಡಿದರು. "ಇದ್ಯಾವಾಗ ಕಲ್ತ್ಯವ್ವ?" ಎಂದರು.

ಕೊಟ್ಟ ಸಲಹೆ ಹೀಗಿದೆ.

ಸದ್ಯಕ್ಕೆ ಒಲವು ಪಿಸಿಎಂಬಿ ಕಡೆಗೆ, ಆದರೆ 21 ದಿನದ ಪರೀಕ್ಷೆ ಮುಗಿಸಿ ತೀರ್ಮಾನ. ದಿನಕ್ಕೆ ಎರಡು ಪಾಳಿ, ತಲಾ 45 ನಿಮಿಷ. ಮೊದಲ ವಾರ ಗಣಿತದ ಪಾಳಿಯಲ್ಲಿ ಎಂಟನೇ ತರಗತಿಯ ಬೀಜೋಕ್ತಿಗಳು, ಆವರಣ ಬಿಡಿಸುವುದು, ಚಿಹ್ನೆ ಬದಲಿಸುವುದು, ದಿನಕ್ಕೆ 20 ಲೆಕ್ಕ. ಎರಡು ಮೂರನೇ ವಾರ ಪ್ರಥಮ ಪಿಯು ಗಣಿತದ ಗಣಗಳು, ಸಂಬಂಧಗಳು ಮತ್ತು ಫಲನಗಳು, ತ್ರಿಕೋನಮಿತಿಯ ಮೊದಲ ಭಾಗ. ಇನ್ನೊಂದು ಪಾಳಿಯಲ್ಲಿ ಪ್ರಥಮ ಪಿಯು ಜೀವಶಾಸ್ತ್ರ, ಇಂಗ್ಲಿಷ್ ಪುಸ್ತಕದಲ್ಲೇ. ತಪ್ಪಾದ ಲೆಕ್ಕವನ್ನು ಅಳಿಸದೆ, ಕೆಂಪು ಶಾಯಿಯಲ್ಲಿ ತಪ್ಪಿನ ಕಾರಣವನ್ನು ಒಂದೇ ಪದದಲ್ಲಿ ಬರೆಯಬೇಕು: ಚಿಹ್ನೆ, ಸೂತ್ರ, ಅವಸರ, ತಿಳಿಯಲಿಲ್ಲ. ಮಾರನೆಯ ದಿನ ಅದೇ ಲೆಕ್ಕವನ್ನು ಪುಸ್ತಕ ನೋಡದೆ ಬಿಡಿಸಬೇಕು. ನಾವು ನೋಡುವುದು ಅಂಕವನ್ನಲ್ಲ. "ಚಿಹ್ನೆ" ಎಂಬ ಪದ ವಾರದಿಂದ ವಾರಕ್ಕೆ ಇಳಿಯುತ್ತದೆಯೇ, "ತಿಳಿಯಲಿಲ್ಲ" ಏರುತ್ತದೆಯೇ ಎಂಬುದನ್ನು. ಎರಡನೆಯದು ಏರಿದರೆ ಗಣಿತವಿಲ್ಲದ ಕಾಂಬಿನೇಷನ್ ಬಗ್ಗೆ ಗಂಭೀರವಾಗಿ ಮಾತಾಡಬೇಕು. ಕಾಲೇಜಿಗೆ ಸೇರಿದ ಮೇಲೆ ಕಾಂಬಿನೇಷನ್ ಬದಲಿಸಲು ಸಿಗುವ ಸಮಯ ಕಡಿಮೆ. ಆದ್ದರಿಂದ ಈ ಕೆಲಸ ಪ್ರವೇಶಕ್ಕೆ ಮುಂಚೆಯೇ ಆಗಬೇಕು.

ಮಾಧ್ಯಮದ ಪ್ರಶ್ನೆಯನ್ನು ಮನೆಯವರು ಕೇಳಲಿಲ್ಲ, ನಾವೇ ಎತ್ತಿದೆವು. ಕನ್ನಡ ಮಾಧ್ಯಮದ ಜಾಣ ಮಕ್ಕಳು ಪ್ರಥಮ ಪಿಯುನ ಮೊದಲ ಎರಡು ತಿಂಗಳಲ್ಲಿ ಕುಸಿಯುವುದು ವಿಷಯದಿಂದಲ್ಲ, ಪದಗಳಿಂದ. ವೇಗೋತ್ಕರ್ಷ ಗೊತ್ತಿರುವ ಹುಡುಗಿಗೆ ಆಕ್ಸಲರೇಷನ್ ಹೊಸದಾಗಿ ಕಾಣುತ್ತದೆ, ದ್ಯುತಿಸಂಶ್ಲೇಷಣೆ ನೀರು ಕುಡಿದಂತೆ ವಿವರಿಸುವವಳು ಫೋಟೋಸಿಂಥೆಸಿಸ್ ಎಂದೊಡನೆ ಪೆನ್ನು ಕೆಳಗಿಡುತ್ತಾಳೆ. ಒಂದು ಉದ್ದ ನೋಟ್‌ಬುಕ್, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್, ವಾರಕ್ಕೆ 30 ಪದ. ಕಾಲೇಜು ಶುರುವಾಗುವಷ್ಟರಲ್ಲಿ ನೂರು ದಾಟಿದರೆ ಸಾಕು. ಪಿಯುಸಿ ಪರೀಕ್ಷೆಯನ್ನೂ ನೀಟನ್ನೂ ಕನ್ನಡದಲ್ಲಿ ಬರೆಯಬಹುದು ಎಂಬುದೂ ಅವಳಿಗೆ ತಿಳಿದಿರಲಿ.

ಭಾಷೆಗಳು ಕನ್ನಡ ಮತ್ತು ಇಂಗ್ಲಿಷ್. ಅಂಕಕ್ಕಾಗಿ ಸಂಸ್ಕೃತಕ್ಕೆ ಹೋಗು ಎಂದು ಯಾರೋ ಹೇಳಿದ್ದರಂತೆ. ಸಿಇಟಿ ರ‍್ಯಾಂಕಿಗೆ ಭಾಷೆಯ ಅಂಕ ಸೇರುವುದೇ ಇಲ್ಲ. 125ಕ್ಕೆ 121 ತೆಗೆದ ಭಾಷೆಯನ್ನು ಬಿಟ್ಟು ಅಕ್ಷರದಿಂದ ಹೊಸದನ್ನು ಕಲಿಯುವ ಗಂಟೆಗಳು ಗಣಿತಕ್ಕೆ ಬೇಕು.

ಹಾಸ್ಟೆಲ್ ಕಾಲೇಜಿಗೆ ಈಗಲೇ ಹಣ ಕಟ್ಟಬೇಡಿ ಎಂದೆವು. ಅವರು ಕೇಳಿದ ಎರಡು ವರ್ಷದ ಮೊತ್ತ ಈ ಮನೆಯ ಒಂದೂವರೆ ವರ್ಷದ ಕಬ್ಬಿನ ಹುಟ್ಟುವಳಿಗೆ ಸಮ. ಬೆಳಗಿನಿಂದ ರಾತ್ರಿವರೆಗೆ ಪಾಠ ನಡೆಯುವ ಕಡೆ ಚಿಹ್ನೆಯ ತಪ್ಪು ತಿದ್ದಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಮಗು ಹಿಂದೆ ಬೀಳುತ್ತಾ ಹೋಗುತ್ತದೆ, ಅದು ಗೊತ್ತಾಗುವುದು ದ್ವಿತೀಯ ಪಿಯುನಲ್ಲಿ. ಹತ್ತಿರದ ಪಟ್ಟಣದ ಕಾಲೇಜಿನಲ್ಲಿ ನಾಲ್ಕೂ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಪ್ರಯೋಗಾಲಯ ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ ಎಂದು ಹೋಗಿ ಕೇಳಿ. ಭೌತ, ರಸಾಯನ, ಜೀವಶಾಸ್ತ್ರ ಒಂದೊಂದರಲ್ಲೂ ಮೂವತ್ತು ಅಂಕ ಪ್ರಾಯೋಗಿಕ ಪರೀಕ್ಷೆಯದು. ಎಲ್ಲೇ ಸೇರಿದರೂ ಮೂಲ ಅಂಕಪಟ್ಟಿಯ ನಾಲ್ಕು ಪ್ರತಿ ಮನೆಯಲ್ಲಿರಲಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಪೇಟೆಗೆ ಹೋದರೆ ಗ್ರಾಮೀಣ ಮೀಸಲಾತಿ ಹೋಗುತ್ತದೆ ಎಂಬ ಭಯ ತಂದೆಗಿತ್ತು. ಗ್ರಾಮೀಣಕ್ಕೂ ಕನ್ನಡ ಮಾಧ್ಯಮಕ್ಕೂ ಲೆಕ್ಕ 1ರಿಂದ 10ನೇ ತರಗತಿಯದು. ಪಿಯುಸಿ ಎಲ್ಲಿ ಓದಿದರೂ ಅವು ಉಳಿಯುತ್ತವೆ. ಆದರೆ ವ್ಯಾಸಂಗ ಪ್ರಮಾಣಪತ್ರಗಳನ್ನು ಈ ಬೇಸಿಗೆಯಲ್ಲೇ ಶಾಲೆಯಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಮಾಡಿಸಿಡಬೇಕು. ಎರಡು ವರ್ಷ ಕಳೆದು, ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ ಹುಡುಕುತ್ತಾ ಸಿಇಟಿ ಅರ್ಜಿಯ ಕೊನೆಯ ದಿನ ಓಡಾಡುವ ತಂದೆತಾಯಿ ಪ್ರತಿ ವರ್ಷ ಸಿಗುತ್ತಾರೆ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೀಜ, ಉಪಕರಣ, ಬೆಳೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮಂಡ್ಯದ ಕೃಷಿ ಕಾಲೇಜು ಇರುವ ವಿ.ಸಿ. ಫಾರಂ ಮನೆಗೆ ದೂರವೇನಲ್ಲ, ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ ಎಂದೆವು.

ಇಪ್ಪತ್ತೆರಡನೇ ದಿನ ನೋಟ್‌ಬುಕ್ ಬಂತು. "ಚಿಹ್ನೆ" ಮೊದಲ ವಾರ 31 ಸಲ, ಎರಡನೇ ವಾರ 14, ಮೂರನೇ ವಾರ 6. "ತಿಳಿಯಲಿಲ್ಲ" ಒಟ್ಟು 9, ಅದರಲ್ಲಿ 7 ತ್ರಿಕೋನಮಿತಿಯಲ್ಲೇ. ರೇಡಿಯನ್ ಮತ್ತು ಡಿಗ್ರಿ ಬದಲಾವಣೆಯನ್ನು ಯಾರಾದರೂ ಒಂದು ಗಂಟೆ ಕುಳಿತು ಹೇಳಿಕೊಟ್ಟರೆ ಅವುಗಳಲ್ಲಿ ಐದು ಬಗೆಹರಿಯುತ್ತವೆ. ಜೀವಶಾಸ್ತ್ರದ ಪುಟಗಳಲ್ಲಿ ಕೆಂಪು ಶಾಯಿ ಕಡಿಮೆ, ಅಂಚಿನಲ್ಲಿ ಅವಳದೇ ಪ್ರಶ್ನೆಗಳು ಹೆಚ್ಚು. ಪಿಸಿಎಂಬಿ ಎಂದು ತೀರ್ಮಾನವಾಯಿತು. ಒತ್ತು ಭೌತ, ರಸಾಯನ, ಜೀವಶಾಸ್ತ್ರಕ್ಕೆ, ಗಣಿತಕ್ಕೆ ದಿನಕ್ಕೆ 45 ನಿಮಿಷ ತಪ್ಪದೆ. ಗಣಿತದಲ್ಲಿ ಗುರಿ ಮೊದಲ ವರ್ಷ 60. ಎಂಜಿನಿಯರಿಂಗ್ ಬಾಗಿಲು ಇರಲಿ, ಅದಕ್ಕಾಗಿ ಈಗಲೇ ತರಬೇತಿ ಬೇಡ.

ಮಧ್ಯಾವಧಿ ಪರೀಕ್ಷೆಯಾದ ವಾರದಲ್ಲಿ ಮತ್ತೆ ಬರಲು ಹೇಳಿದೆ. ಅಂಕದ ಚೀಟಿ ಸಾಲದು, ನಾಲ್ಕೂ ಉತ್ತರಪತ್ರಿಕೆ ಮತ್ತು ಕೆಂಪು ಶಾಯಿಯ ನೋಟ್‌ಬುಕ್ ತರಬೇಕು.