ಸಂತಾನಹರಣ ಆಪರೇಷನ್ ಆದ ಮೇಲೂ ಮಗುವಾದರೆ ಡಾಕ್ಟರ್ ಹೊಣೆಯೇ?

ಮಗುವಾಯಿತು ಅನ್ನುವುದೊಂದೇ ಸಾಕಾಗುವುದಿಲ್ಲ. ಡಾಕ್ಟರ್ ನಿರ್ಲಕ್ಷ್ಯ ಮಾಡಿದ್ದಾರೆ ಅಂತ ನೀವು ತೋರಿಸಬೇಕು.

ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟ ಹರಿಯಾಣದ ಕೇಸ್ ನೋಡಿ. ಏಳು ಮಕ್ಕಳ ತಾಯಿ, ಕೂಲಿ ಮಾಡುವ ಬಡ ಹೆಂಗಸು, ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಡಾಕ್ಟರ್ ಬಲಗಡೆಯ ಅಂಡನಾಳಕ್ಕೆ (ಅಂಡಾಣು ಗರ್ಭಕೋಶಕ್ಕೆ ಬರುವ ನಾಳ) ಮಾತ್ರ ಆಪರೇಷನ್ ಮಾಡಿದ್ದರು, ಎಡಗಡೆಯದನ್ನು ಮುಟ್ಟಿಯೇ ಇರಲಿಲ್ಲ! ಮತ್ತೆ ಹೆಣ್ಣುಮಗು ಹುಟ್ಟಿತು. ಕೋರ್ಟ್ 54,000 ರೂಪಾಯಿ ಪರಿಹಾರವನ್ನು ಎತ್ತಿಹಿಡಿದು, ಡಾಕ್ಟರ್ ತಪ್ಪಿಗೆ ಸರ್ಕಾರವೂ ಹೊಣೆ ಅಂದಿತು.

2005ರ ಪಂಜಾಬ್ ಕೇಸಿನಲ್ಲಿ ತೀರ್ಪು ಬೇರೆ. ಸರಿಯಾಗಿ ಮಾಡಿದರೂ ಕೆಲವೊಮ್ಮೆ ನಾಳ ತಾನಾಗಿ ಕೂಡಿಕೊಳ್ಳುತ್ತದೆ, ಅದಕ್ಕೆ ಡಾಕ್ಟರ್ ಹೊಣೆಯಲ್ಲ. ಗರ್ಭ ನಿಂತದ್ದು ಗೊತ್ತಾದ ಮೇಲೂ ಉಳಿಸಿಕೊಂಡರೆ ಅದು ಬೇಡದ ಮಗು ಅಲ್ಲ ಅಂತಲೂ ಹೇಳಿತು. ಈ ಮಾತು ನನಗೆ ಕಠಿಣ ಅನ್ನಿಸುತ್ತದೆ. ಆಪರೇಷನ್ ನಂಬಿಕೊಂಡವರಿಗೆ ಅನುಮಾನ ಬರುವುದೇ ತಡವಾಗಿ, ಅಲ್ವಾ?

ಡಿಸ್ಚಾರ್ಜ್ ಸಮ್ಮರಿ, ಒಪ್ಪಿಗೆ ಪತ್ರದ ಪ್ರತಿ ಜೋಪಾನವಾಗಿಡಿ. ವಿಫಲವಾಗಬಹುದು ಅಂತ ಅದರಲ್ಲಿ ಬರೆದಿದೆಯೇ ನೋಡಿ. ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿದ್ದರೆ 2 ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಸರ್ಕಾರಿ ಆಸ್ಪತ್ರೆಯಾದರೆ ಕುಟುಂಬ ಯೋಜನೆಯ ಪರಿಹಾರ ಸ್ಕೀಮ್ ಇದೆ. ಅಲ್ಲಿ ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ, ಆದರೆ ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು.